ಅಳಿಯಂದ್ರ ಮಿಸಿನ್ನು

ಐವತ್ತು ದಾಟಿದ ಮೇಲೆ ಮತ್ತೆ ಓದಲು ಹೊರಟವನಿಗೆ ಒಂದಲ್ಲ ಒಂದು ಆಗುತ್ತಲೇ ಇರುತ್ತದೆ. ಓದುವ ವಿಷಯ ಇಡೀ ಭೂಮಂಡಲಕ್ಕೆ ಸಂಬಂಧಪಟ್ಟದ್ದಾದರೆ ಭೂಮಂಡಲದ ಮೇಲಿರುವ ನೆಂಟರಿಷ್ಟರೂ ಅದರೊಳಗೆ ಬಂದೇ ಬರುತ್ತಾರೆ. ನಾನು ಹವಾಮಾನ ಬದಲಾವಣೆಯಲ್ಲಿ ಸ್ನಾತಕೋತ್ತರ ಪದವಿ ಓದಿದೆ. ಹವಾಮಾನ ಬದಲಾಯಿತೋ ಇಲ್ಲವೋ, ನನ್ನ ತಲೆಗೂದಲ ಬಣ್ಣವಂತೂ ಬದಲಾಯಿತು.

ಬಿಸಿಲಲ್ಲಿ ಇರುವವರು

ನಾನು ಚನ್ನಪಟ್ಟಣದ ಒಂದು ಕಾಲೇಜಿನಲ್ಲಿ ಭೂಗೋಳದ ಮೇಷ್ಟ್ರು. ಮನೆ ರಾಮನಗರದಲ್ಲಿ. ಒಂದು ಮಧ್ಯಾಹ್ನ ಪ್ರಿನ್ಸಿಪಾಲರು ಕರೆದು, ಹವಾಮಾನ ಬದಲಾವಣೆ ಎಂಬ ಹೊಸ ಪತ್ರಿಕೆ ಬರಲಿದೆ, ಅದನ್ನು ಪಾಠ ಮಾಡಲು ಅದೇ ವಿಷಯದಲ್ಲಿ ಪದವಿ ಆದವರು ಬೇಕು, ನೀವು ಓದಿಬಿಡಿ ಎಂದರು.

"ನನಗೆ ಭೂಗೋಳದಲ್ಲಿ ಎಂ.ಎ. ಆಗಿದೆಯಲ್ಲ ಸಾರ್" ಎಂದೆ.

"ಅದು ಹಳೇ ಭೂಗೋಳ ಕಣ್ರೀ. ಆಗ ಇಷ್ಟು ಸೆಕೆ ಎಲ್ಲಿತ್ತು?"

ಈ ವಯಸ್ಸಿನಲ್ಲಿ ಕಷ್ಟವಾಗುತ್ತದೆ ಎಂದೆ. ಅವರು ಬಹಳ ಸಹಾನುಭೂತಿಯಿಂದ ತಲೆಯಾಡಿಸಿದರು. "ಬಲವಂತ ಇಲ್ಲ. ನಿಮಗಾಗಲ್ಲ ಅಂದ್ರೆ ನಮ್ಮ ಪಿ.ಟಿ. ಮೇಷ್ಟ್ರನ್ನ ಕಳಿಸ್ತೀನಿ. ಅವರೂ ಬೆಳಗಿಂದ ಸಂಜೆ ತನಕ ಬಿಸಿಲಲ್ಲೇ ಇರೋದು."

ಇದು ನಗುವ ಮಾತಾಗಿರಲಿಲ್ಲ. ಭೂಗೋಳಕ್ಕೆ ಸೇರುವ ಮಕ್ಕಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದರು. ಈ ಪತ್ರಿಕೆ ಕೈ ತಪ್ಪಿದರೆ ನನಗೆ ಪಾಠ ಮಾಡಲು ತರಗತಿಯೇ ಇರುತ್ತಿರಲಿಲ್ಲ. ಲೈಬ್ರರಿಯ ಫ್ಯಾನಿನ ಕೆಳಗೆ ಕೂತು, ಹೋಗಿ ಬರುವವರಿಗೆ ನಮಸ್ಕಾರ ಹೇಳುತ್ತ ನಿವೃತ್ತಿಗೆ ಕಾಯಬೇಕಿತ್ತು. ಪಾಠ ಮಾಡುವುದು ಬಿಟ್ಟರೆ ನನಗೆ ಬೇರೇನೂ ಬರುವುದಿಲ್ಲ. ಮನೆಯಲ್ಲಿ ಕೇಳಿದರೆ ಅದೂ ಅನುಮಾನ ಎನ್ನುತ್ತಾರೆ. ಆದ್ದರಿಂದ ಬೆಂಗಳೂರಿನ ಒಂದು ವಿಶ್ವವಿದ್ಯಾಲಯಕ್ಕೆ ಸೇರಿದೆ.

ಪಿ.ಟಿ. ಮೇಷ್ಟ್ರು ಮಾಗಡಿ ಕಡೆಯವರು, ತುಂಬಾ ಒಳ್ಳೆಯ ಮನುಷ್ಯ. ಮೊದಲ ದಿನವೇ ಬಂದು ನನ್ನ ಕೈ ಕುಲುಕಿ, "ಸಾರ್, ಎಲ್ಲಾದ್ರೂ ಕಷ್ಟ ಅನ್ನಿಸಿದ್ರೆ ಸಂಕೋಚ ಪಡಬೇಡಿ, ಬಿಟ್ಬಿಡಿ" ಎಂದರು. ಹೋಗುವಾಗ ನನ್ನ ಪಠ್ಯಪುಸ್ತಕವನ್ನು ಒಂದು ದಿನದ ಮಟ್ಟಿಗೆ ಕೇಳಿ ಪಡೆದರು. ಸುಮ್ಮನೆ ನೋಡಲಿಕ್ಕಂತೆ.

ಉತ್ತರ ಚೆನ್ನಾಗಿದೆ

ಪ್ರಬಂಧಕ್ಕೆ ಮಾರ್ಗದರ್ಶಕರಾಗಿ ಸಿಕ್ಕವರು ಕನಕಪುರದ ಒಬ್ಬ ಹೆಣ್ಣುಮಗಳು. ಕೊಠಡಿಯ ಬಾಗಿಲು ತಳ್ಳಿದ ಕೂಡಲೇ ಆಕೆ ಎದ್ದು ನಿಂತು "ನಮಸ್ಕಾರ ಸಾರ್" ಎಂದಳು. ಪಿಯುಸಿಯಲ್ಲಿ ನನ್ನ ಕೈಯಲ್ಲೇ ಓದಿದ ಹುಡುಗಿ. ಮಾರ್ಗದರ್ಶಕರು ಎದ್ದು ನಿಂತ ಮೇಲೆ ವಿದ್ಯಾರ್ಥಿ ಕೂರುವಂತಿಲ್ಲ. ಮೇಷ್ಟ್ರು ನಿಂತಿರುವಾಗ ಹಳೆಯ ಶಿಷ್ಯೆ ಕೂರುವಂತಿಲ್ಲ. ಮೊದಲ ಭೇಟಿಯನ್ನು ಇಬ್ಬರೂ ನಿಂತೇ ಮುಗಿಸಿದೆವು.

ಆಮೇಲೆ ಒಂದು ಒಪ್ಪಂದಕ್ಕೆ ಬಂದೆವು. ಅವರು ನನ್ನನ್ನು ಸಾರ್ ಎನ್ನುವುದು, ನಾನು ಅವರನ್ನು ಮೇಡಂ ಎನ್ನುವುದು. ಬಯ್ಯುವುದಿದ್ದರೆ ಈ-ಮೇಲ್‌ನಲ್ಲಿ ಬಯ್ಯುವುದು.

ಮೊದಲ ಅಧ್ಯಾಯ ಬರೆದು ಕೊಟ್ಟೆ. ಕೈಗಾರಿಕಾ ಕ್ರಾಂತಿಯಿಂದ ಶುರು ಮಾಡಿ ಧ್ರುವ ಪ್ರದೇಶದ ಹಿಮದವರೆಗೆ ಹೋಗಿದ್ದೆ. ರಾಮನಗರಕ್ಕೆ ಬರುವಷ್ಟರಲ್ಲಿ ಪುಟ ಮುಗಿದಿತ್ತು. ವಾರದ ನಂತರ ವಾಪಸ್ಸು ಬಂತು. ಕೊನೆಯಲ್ಲಿ ಕೆಂಪು ಶಾಯಿಯಲ್ಲಿ ಒಂದು ಸಾಲು: "ಉತ್ತರ ಚೆನ್ನಾಗಿದೆ. ಪ್ರಶ್ನೆಗೆ ಸಂಬಂಧವಿಲ್ಲ."

ಮಾತು ಎಲ್ಲೋ ಕೇಳಿದಂತಿದೆ ಎಂದೆ.

"ನಿಮ್ಮದೇ ಸಾರ್" ಎಂದರು ಮೇಡಂ ತಲೆ ತಗ್ಗಿಸಿ. "ನನ್ನ ಪೇಪರ್ ಮೇಲೆ ಬರೆದಿದ್ರಿ. ಚೆನ್ನಾಗಿದೆ ಅಂತ ನೆನಪಿಟ್ಕೊಂಡಿದ್ದೆ."

ತರಗತಿಯ ಇಂಗಾಲ

ಒಬ್ಬ ಮನುಷ್ಯ ವರ್ಷಕ್ಕೆ ಎಷ್ಟು ಇಂಗಾಲವನ್ನು ಗಾಳಿಗೆ ಬಿಡುತ್ತಾನೆ ಎಂದು ಲೆಕ್ಕ ಹಾಕುವುದು ತರಗತಿಯಲ್ಲಿ ಕೊಟ್ಟ ಒಂದು ಅಭ್ಯಾಸ. ನಮ್ಮದೊಂದು, ಅಕ್ಕಪಕ್ಕದವರದೊಂದು ಮಾಡಿಕೊಂಡು ಬರಬೇಕು. ನಾನು ಪಕ್ಕದ ಮನೆಯ ಸಾಹೇಬರ ಹತ್ತಿರ ಹೋದೆ. ಅವರು ರೇಷ್ಮೆ ನೂಲು ತೆಗೆಯುವವರು, ತಲೆಮಾರಿನಿಂದ ಅದೇ ಕಸುಬು.

"ವರ್ಷಕ್ಕೆ ಎಷ್ಟು ಸಲ ವಿಮಾನದಲ್ಲಿ ಹೋಗ್ತೀರಿ?" ಎಂದು ಕೇಳಿದೆ. ಪ್ರಶ್ನೆ ನನ್ನದಲ್ಲ, ಯಾವುದೋ ತಣ್ಣನೆಯ ದೇಶದಲ್ಲಿ ಕೂತು ಬರೆದದ್ದು.

"ಅರೇ ಮೇಷ್ಟ್ರೇ, ನಾನು ಮೈಸೂರಿಗೆ ಹೋಗೋದೇ ಪ್ಯಾಸೆಂಜರ್ ರೈಲಲ್ಲಿ." ಆಮೇಲೆ ನನ್ನ ಪಟ್ಟಿಯತ್ತ ಬಗ್ಗಿ ನೋಡಿದರು. "ಹಜ್‌ಗೆ ಹೋಗ್ಬೇಕು ಅಂತ ಮನಸ್ಸೈತೆ. ಅದಕ್ಕೂ ಪಾಪ ಬರ್ತದಾ?"

"ಪಾಪ ಅಲ್ಲ, ಇಂಗಾಲ."

"ಹಂಗಾದ್ರೆ ಈಗ್ಲೇ ಬರ್ಕೋಬೇಡಿ. ಮೊದ್ಲು ಹೋಗ್ಬಂದ್ಬಿಡ್ತೀನಿ, ಆಮೇಲೆ ಒಟ್ಟಿಗೆ ಹಾಕ್ಕೊಳ್ಳಿ."

ತರಗತಿಯಲ್ಲಿ ಎಲ್ಲರ ಲೆಕ್ಕವನ್ನೂ ಬೋರ್ಡಿನ ಮೇಲೆ ಬರೆದರು. ಎಲ್ಲರಿಗಿಂತ ಹೆಚ್ಚು ಇಂಗಾಲ ನನ್ನದೇ ಇತ್ತು. ಎಲ್ಲಿಂದ ಬಂತು ಎಂದು ಹುಡುಕಿದಾಗ, ವಾರ ವಾರ ರಾಮನಗರದಿಂದ ಬೆಂಗಳೂರಿನ ಆ ತುದಿಗೆ ಹಳೆಯ ಕಾರಿನಲ್ಲಿ ಓಡಾಡುವುದರಿಂದ ಎಂದು ಗೊತ್ತಾಯಿತು. ಹವಾಮಾನ ಬದಲಾವಣೆಯ ತರಗತಿಗೆ ಬರುವುದನ್ನು ನಿಲ್ಲಿಸಿದರೆ ಹವಾಮಾನಕ್ಕೆ ನಾನು ದೊಡ್ಡ ಉಪಕಾರ ಮಾಡಿದಂತಾಗುತ್ತಿತ್ತು. ಪಿ.ಟಿ. ಮೇಷ್ಟ್ರಿಗೆ ಈ ವಿಷಯ ಹೇಳಲಿಲ್ಲ.

ಬಿಡದಿಯ ಭಾನುವಾರ

ಪ್ರಬಂಧದ ವಿಷಯ ಸರಳವಾಗಿತ್ತು. ಬಿಡದಿ ಕೈಗಾರಿಕಾ ಪ್ರದೇಶದಲ್ಲಿ ಎಷ್ಟು ಬಿಸಿ, ಕೈಲಾಂಚದಂಥ ಹಿಪ್ಪುನೇರಳೆ ತೋಟದ ಊರಿನಲ್ಲಿ ಎಷ್ಟು ಬಿಸಿ, ಎರಡಕ್ಕೂ ವ್ಯತ್ಯಾಸವೇನು. ಕಾರ್ಖಾನೆ, ಕಾಂಕ್ರೀಟು ಇದ್ದಲ್ಲಿ ಬಿಸಿ ಜಾಸ್ತಿ ಎಂಬುದು ದಾರಿಯಲ್ಲಿ ಹೋಗುವವರಿಗೂ ಗೊತ್ತು. ಅದನ್ನು ಬೇಸಿಗೆಯ ಉದ್ದಕ್ಕೂ ಅಳೆದು ತೋರಿಸಿದರೆ ಪದವಿ. ಆ ವರ್ಷವೇ ತೋರಿಸಬೇಕಿತ್ತು. ಇಲ್ಲದಿದ್ದರೆ ನೋಂದಣಿ ರದ್ದಾಗಿ, ಓದಿದ್ದೆಲ್ಲ ಹೊಳೆಗೆ.

ವಿಭಾಗದವರು ಎರಡು ಪುಟ್ಟ ಬಿಳಿ ಪೆಟ್ಟಿಗೆ ಕೊಟ್ಟರು. ಸೋಪಿನ ಡಬ್ಬಿಯಷ್ಟು ದೊಡ್ಡದು. ಎಲ್ಲಿ ತೂಗುಹಾಕುತ್ತೇವೋ ಅಲ್ಲಿಯ ತಾಪವನ್ನು ಗಂಟೆ ಗಂಟೆಗೂ ತಾನೇ ದಾಖಲು ಮಾಡಿಕೊಳ್ಳುತ್ತದೆ. ನಾವು ಆಗಾಗ ಹೋಗಿ ಕಂಪ್ಯೂಟರಿಗೆ ಇಳಿಸಿಕೊಂಡರೆ ಆಯಿತು. ಗಾಳಿಯಾಡುವ ನೆರಳಿನಲ್ಲಿರಬೇಕು, ಯಾರೂ ಮುಟ್ಟಬಾರದು. ಅಷ್ಟೇ.

ಬಿಡದಿಯಲ್ಲಿ ಒಂದು ಸಣ್ಣ ಕಾರ್ಖಾನೆಯ ಗೇಟಿನ ಪಕ್ಕ ಒಂದನ್ನು ತೂಗುಹಾಕಿದೆ. ಅಲ್ಲಿಯ ವಾಚ್‌ಮನ್ ಕೂಟಗಲ್‌ನವನು, ನನ್ನಷ್ಟೇ ವಯಸ್ಸು. "ಜೋಪಾನ ಕಣಪ್ಪಾ" ಎಂದು ಹೇಳಿ ಬಂದೆ.

ಫೆಬ್ರವರಿಯ ಅಂಕಿಗಳನ್ನು ಇಳಿಸಿಕೊಂಡಾಗ ನನಗೆ ಊಟ ಸೇರಲಿಲ್ಲ. ಪ್ರತಿ ಸಂಜೆ ಬಿಡದಿ ದಿಢೀರನೆ ತಣ್ಣಗಾಗುತ್ತಿತ್ತು. ಅದಕ್ಕಿಂತ ದೊಡ್ಡದು, ಪ್ರತಿ ಭಾನುವಾರ ಇಡೀ ದಿನ ತಣ್ಣಗಿತ್ತು. ಭಾನುವಾರ ಕಾರ್ಖಾನೆಗೆ ರಜೆ! ಯಂತ್ರ ನಿಂತ ದಿನ ಊರು ತಂಪಾಗುತ್ತದೆ ಎಂದರೆ ಇದು ನಮ್ಮ ಜಿಲ್ಲೆಯೊಳಗೇ ನಿಲ್ಲುವ ಸುದ್ದಿಯಲ್ಲ. ಮೇಡಂ ಕೂಡ ಕುರ್ಚಿಯ ತುದಿಗೆ ಬಂದರು. "ಸಾರ್, ಇನ್ನೊಂದ್ಸಲ ಹೋಗಿ ನೋಡ್ಕೊಂಡ್ ಬನ್ನಿ" ಎಂದರು.

ಒಂದು ಭಾನುವಾರ ಹೋದೆ. ಗೇಟಿನಲ್ಲಿ ಬೇರೆ ವಾಚ್‌ಮನ್ ಇದ್ದ. ಪೆಟ್ಟಿಗೆ ಇರಲಿಲ್ಲ. ಕೂಟಗಲ್‌ಗೆ ಹೋದೆ. ನಮ್ಮ ವಾಚ್‌ಮನ್ ಮನೆಯ ಮುಂದಿನ ಬೇವಿನ ಮರದಲ್ಲಿ ನನ್ನ ಪೆಟ್ಟಿಗೆ ತಂಗಾಳಿಗೆ ತೂಗುತ್ತಿತ್ತು. ಅದರ ಕೆಳಗೆ ಮಂಚ ಹಾಕಿಕೊಂಡು ಅವನೂ ಮಲಗಿದ್ದ.

"ದಿನಾ ಡ್ಯೂಟಿ ಮುಗಿದ್ಮೇಲೆ ತಕಬತ್ತೀನಿ ಸಾ" ಎಂದ ಹೆಮ್ಮೆಯಿಂದ. "ಬೆಳಿಗ್ಗೆ ತಿರ್ಗಾ ತಕಹೋಗಿ ನೇತಾಕ್ತೀನಿ. ಅಲ್ಲಿ ಬುಟ್ರೆ ಉಳಿಯಕಿಲ್ಲ ಸಾ, ಕಳ್ಳರು ಜಾಸ್ತಿ."

"ಕಳ್ಳರು ಬಾರದೆ ಇರಲಿ ಅಂತ ತಾನೇ ವಾಚ್‌ಮನ್ ಇಟ್ಟಿರೋದು?"

"ಅದ್ನೇ ಏಳ್ತಾ ಇರದು ಸಾ. ನಾನಿರಕಿಲ್ವಲ್ಲ."

ಹುಳದ ಮನೆ

ಬಿಡದಿಯ ಪೆಟ್ಟಿಗೆಗೆ ಸರಪಳಿ ಹಾಕಿ ಬೀಗ ಜಡಿದೆ. ಕೈಲಾಂಚದ್ದಕ್ಕೆ ಬೀಗ ಹಾಕಲಿಲ್ಲ. ಅದು ನನ್ನ ಹೆಂಡತಿಯ ತವರು, ಅತ್ತೆಯ ಮನೆಯ ಹಿತ್ತಲಿನ ಹೊಂಗೆ ಮರ. ಅಲ್ಲಿಂದ ಕದಿಯುವವರು ಯಾರು? ಆದರೆ ಅಲ್ಲೂ ಅಭ್ಯಾಸಬಲದಿಂದ ಅತ್ತೆಗೆ "ಒಸಿ ಜೋಪಾನ ಅತ್ತೆ" ಎಂದುಬಿಟ್ಟಿದ್ದೆ.

ಏಪ್ರಿಲ್‌ನಲ್ಲಿ ಬಿಡದಿ ಕಾದ ಹೆಂಚಾಗಿತ್ತು. ಕೈಲಾಂಚದ ಅಂಕಿಗಳನ್ನು ಭಾವಮೈದ ರಾಮನಗರಕ್ಕೆ ಬಂದಾಗ ಪೆನ್‌ಡ್ರೈವ್‌ನಲ್ಲಿ ತಂದುಕೊಟ್ಟ. ತೆರೆದು ನೋಡಿದರೆ, ಮಧ್ಯಾಹ್ನವೂ ಅಷ್ಟೇ, ಸಂಜೆಯೂ ಅಷ್ಟೇ; ಗೆರೆ ಎಳೆದಂತೆ ಹಿತವಾದ ತಂಪು.

ಮೇಡಂ ಬಹಳ ಹೊತ್ತು ನೋಡಿದರು. "ಸಾರ್, ನಿಮ್ಮ ಮಾವನವರ ಊರು ಯಾವ ಬೆಟ್ಟದ ಮೇಲಿದೆ?"

"ರಾಗಿ ಹೊಲದ ಮಧ್ಯೆ ಇದೆ ಮೇಡಂ."

ಬಸ್ಸು ಹತ್ತಿ ಕೈಲಾಂಚಕ್ಕೆ ಹೋದೆ. ಹೊಂಗೆ ಮರ ಖಾಲಿ.

"ಅಯ್ಯೋ, ಅಳಿಯಂದ್ರ ಮಿಸಿನ್ನ ಆ ಬಿಸಿಲಾಗೆ ಬುಡಕಾಯ್ತದಾ?" ಎಂದರು ಅತ್ತೆ. "ಹುಳಿನ ಮನೇಲಿ ಮಡಗಿವ್ನಿ."

ಹುಳದ ಮನೆ ಎಂದರೆ ರೇಷ್ಮೆ ಹುಳ ಸಾಕುವ ಕೋಣೆ. ಬೇಸಿಗೆಯಲ್ಲಿ ಹುಳಕ್ಕೆ ಸೆಕೆಯಾಗದಂತೆ ಕಿಟಕಿಗೆಲ್ಲ ಗೋಣಿಚೀಲ ಕಟ್ಟಿ, ಹೊತ್ತು ಹೊತ್ತಿಗೆ ನೀರು ಚಿಮುಕಿಸಿ ತಂಪು ಮಾಡುತ್ತಾರೆ. ಇಡೀ ರಾಮನಗರ ತಾಲ್ಲೂಕಿನಲ್ಲಿ ಏಪ್ರಿಲ್ ತಿಂಗಳಲ್ಲಿ ನೆಮ್ಮದಿಯಿಂದ ಇರುವವು ಆ ಹುಳಗಳೇ. ಅವುಗಳ ಜೊತೆ ನನ್ನ ಪೆಟ್ಟಿಗೆಯೂ ಇತ್ತು.

"ಅದು ಹೊರಗೆ ಇರಬೇಕಿತ್ತು ಅತ್ತೆ. ಅದಕ್ಕೆ ಸೆಕೆ ಆಗೋದೇ ಬೇಕಾಗಿರೋದು."

"ಹುಳನೇ ತಡ್ಕಳಕಿಲ್ಲ, ಅದು ತಡ್ಕತದಾ? ಎಷ್ಟಿದ್ರೂ ಇನಿವರ್ಸಿಟಿದು."

ಒಳಗೆ ಹೋಗಿ ತಂದುಬಿಡೋಣವೆಂದು ಬಾಗಿಲಿಗೆ ಕೈ ಹಾಕಿದೆ. ಅತ್ತೆ ಅಡ್ಡ ನಿಂತರು.

"ಬ್ಯಾಡಿ ಬ್ಯಾಡಿ. ಹುಳ ದೊಡ್ಡವಾಗವೆ. ನೀವು ಸೆಂಟ್ ಹಾಕ್ಕಂಡಿದ್ದೀರಿ."

"ಸೆಂಟಲ್ಲ ಅತ್ತೆ, ಶೇವ್ ಮಾಡಿದ ಸೋಪು."

"ಯಾವ್ದಾದ್ರೇನು, ಗಮಗಮ ಅಂತದೆ. ಹುಳಿಗೆ ವಾಸ್ನೆ ಆಗಕಿಲ್ಲ. ಗೂಡು ಕಟ್ಟಗಂಟ ಯಾರ್ನೂ ಬುಡಕಿಲ್ಲ."

"ಪೆಟ್ಟಿಗೆ ಬಿಟ್ಟಿದ್ದೀರಲ್ಲ!"

"ಅದ್ಕೆ ವಾಸ್ನೆ ಇಲ್ವಲ್ಲ" ಎಂದರು.

ಹುಳ ಗೂಡು ಕಟ್ಟುವವರೆಗೆ ನಾನು ಜಗಲಿಯಲ್ಲಿ ಕೂತು ಕಾಫಿ ಕುಡಿದು ವಾಪಸ್ಸು ಬರಬೇಕಾಯಿತು, ಒಂದಲ್ಲ, ಹಲವು ಸಲ. ಇಷ್ಟು ವರ್ಷದ ಅಳಿಯ ಹೊರಗೆ. ಮೊನ್ನೆ ಮೊನ್ನೆ ಬಂದ ಪೆಟ್ಟಿಗೆ ಒಳಗೆ.

ಬಿಡದಿಗಿಂತ ಕಮ್ಮಿ

ಬೇಸಿಗೆ ಇನ್ನೂ ಸ್ವಲ್ಪ ಉಳಿದಿತ್ತು. ಪೆಟ್ಟಿಗೆಯನ್ನು ಮತ್ತೆ ಹೊಂಗೆ ಮರಕ್ಕೆ ಕಟ್ಟಿದೆ. ಈ ಸಲ ಎಚ್ಚರಿಕೆಯಿಂದ, ಅತ್ತೆ ಮಾವ ಇಬ್ಬರನ್ನೂ ಕೂರಿಸಿಕೊಂಡು ವಿವರಿಸಿದೆ. ಈ ಪರೀಕ್ಷೆ ಪಾಸಾಗದಿದ್ದರೆ ನನಗೆ ತರಗತಿಯೇ ಇರುವುದಿಲ್ಲ ಎಂದೂ ಹೇಳಿದೆ. ಅಷ್ಟಕ್ಕೆ ನಿಲ್ಲಿಸಬೇಕಿತ್ತು. ಅರ್ಥವಾಗಲಿ ಎಂದು, "ಬಿಡದಿಯಲ್ಲಿ ಜಾಸ್ತಿ ಬಂದಿದೆ, ನಿಮ್ಮೂರಲ್ಲಿ ತೀರಾ ಕಮ್ಮಿ ಬಂದಿದೆ" ಎಂದೆ.

ಅತ್ತೆ ಮಾವನ ಮುಖ ನೋಡಿದರು. ಆ ನೋಟದ ಅರ್ಥ ನನಗೆ ಹೊಳೆಯಬೇಕಿತ್ತು. ಅವರ ಕಿರಿಯ ಮಗಳನ್ನು ಕೊಟ್ಟಿರುವುದು ಬಿಡದಿಗೆ. ಬಿಡದಿಯ ಬೀಗರು ಹಬ್ಬಕ್ಕೆ ಬಂದಾಗಲೆಲ್ಲ ನಮ್ಮಲ್ಲಿ ಆ ರಸ್ತೆ ಬಂತು, ಈ ಫ್ಯಾಕ್ಟರಿ ಬಂತು, ನಿಮ್ಮಲ್ಲೇನು ಬಂತು ಎಂದು ಕೇಳಿ ಹೋಗುತ್ತಾರೆ. ಬಿಡದಿಗಿಂತ ಕಮ್ಮಿ ಎಂಬ ಮಾತನ್ನು ಆ ಮನೆಯಲ್ಲಿ ಯಾರೂ ಆಡುವುದಿಲ್ಲ.

ಮೇ ಕೊನೆಯಲ್ಲಿ ಅಂಕಿಗಳು ಬಂದವು. ಮಧ್ಯಾಹ್ನದ ತಾಪ ನೋಡಿ ನನಗೆ ಬಾಯಾರಿತು. ಬಿಡದಿಯನ್ನು ಕೈಲಾಂಚ ಎಲ್ಲೋ ಹಿಂದೆ ಹಾಕಿತ್ತು. ಅದೂ ಹೋಗಲಿ, ಪ್ರತಿದಿನ ಮುಂಜಾನೆ, ಸೂರ್ಯ ಹುಟ್ಟುವ ಹೊತ್ತಿಗೆ ಸರಿಯಾಗಿ, ತಾಪ ನೆಟ್ಟಗೆ ಮೇಲಕ್ಕೆ ಚಿಮ್ಮುತ್ತಿತ್ತು.

"ಸಾರ್, ಅಲ್ಲಿ ಭೂಮಿಯೊಳಗಿಂದ ಏನಾದ್ರೂ ಬರ್ತಿದೆಯಾ?" ಎಂದರು ಮೇಡಂ ಮೆಲ್ಲಗೆ.

ಮುಂದಿನ ಬಸ್ಸಿಗೇ ಹೊರಟೆ. ಪೆಟ್ಟಿಗೆ ದನದ ಕೊಟ್ಟಿಗೆಯ ತಗಡಿನ ಮೇಲೆ ಬಿಸಿಲು ಕಾಯಿಸುತ್ತಿತ್ತು.

"ಮರದಾಗೆ ಎಲ್ಲಿ ಕಾಯ್ತದೆ ಅಳಿಯಂದ್ರೇ?" ಎಂದರು ಅತ್ತೆ. "ಬಿಸಿಲೇರಿದ್ಮೇಲೆ ತಗಡ ಮೇಲೆ ಮಡಗ್ತೀನಿ. ಬೆಳಿಗ್ಗೆ ಬಿಸ್ಲಿರಕಿಲ್ವಲ್ಲ, ಅದ್ಕೇ ನೀರು ಕಾಯ್ಸೋವಾಗ ಹಂಡೆ ಒಲೆ ಮೇಲ್ಗಡೆ ಕಟ್ತೀನಿ. ಒಂದಿನಾನೂ ತಪ್ಸಿಲ್ಲ."

ನಾನು ಕೊಟ್ಟಿಗೆಯ ಕಂಬಕ್ಕೆ ಒರಗಿ ನಿಂತೆ. ಎಮ್ಮೆ ನನ್ನನ್ನು ನೋಡಿತು. ಅದರ ಕಣ್ಣಿನಲ್ಲೂ ಒಂದು ಬಗೆಯ ಸಹಾನುಭೂತಿ ಇತ್ತು.

ಮಾವ ಹತ್ತಿರ ಬಂದರು. ದನಿ ತಗ್ಗಿಸಿ ಕೇಳಿದರು: "ಈಗ ಯಾವೂರ್ದು ಜಾಸ್ತಿ?"

"ನಿಮ್ಮೂರದ್ದೇ ಮಾವ."

ಅವರು ಹೆಗಲ ಮೇಲಿನ ಟವೆಲು ಸರಿಮಾಡಿಕೊಂಡು ಅತ್ತೆಯ ಕಡೆ ತಿರುಗಿದರು. "ಲೇ ಇವ್ಳೇ, ಬಿಡದಿಯವ್ರಿಗೆ ಒಸಿ ಫೋನ್ ಹಚ್ಚು."

ಕಾರಣಕರ್ತರು

ಅದರ ಮಾರನೆಯ ವಾರವೇ ಮಳೆ ಶುರುವಾಯಿತು. ಬೇಸಿಗೆ ಮುಗಿಯಿತು, ಇನ್ನೊಂದು ಬೇಸಿಗೆ ಕಾಯಲು ನನ್ನ ನೋಂದಣಿಗೆ ಆಯುಸ್ಸಿರಲಿಲ್ಲ. ಕಾಲೇಜಿನಲ್ಲಿ ಪಿ.ಟಿ. ಮೇಷ್ಟ್ರು ಆಟದ ಮೈದಾನದಲ್ಲಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಓಝೋನ್ ಪದರದ ಬಗ್ಗೆ ನಾಲ್ಕು ಮಾತು ಹೇಳಲು ಆರಂಭಿಸಿದ್ದರು. ಸೀಟಿ ಇನ್ನೂ ಕೊರಳಲ್ಲೇ ಇತ್ತು.

ಮೇಡಂ ಮುಂದೆ ಕೂತು, ಬೇವಿನ ಮರ, ಗೋಣಿಚೀಲ, ಹಂಡೆ ಒಲೆ, ಎಲ್ಲವನ್ನೂ ಹೇಳಿ ಮುಗಿಸಿದೆ. ಅವರು ನಗಲಿಲ್ಲ. ಮುಖಕ್ಕೆ ಸೆರಗು ಹಿಡಿದುಕೊಂಡಿದ್ದರು, ಆದ್ದರಿಂದ ನಗಲಿಲ್ಲ ಎಂದೇ ನಂಬಿದ್ದೇನೆ.

"ಸಾರ್, ನೀವು ಪಿಯುಸಿಯಲ್ಲಿ ಹೇಳ್ತಿದ್ರಿ. ನಕ್ಷೆ ತಪ್ಪಾದ್ರೆ ಹೊಡೆದು ಹಾಕಬೇಡಿ, ಯಾಕೆ ತಪ್ಪಾಯ್ತು ಅಂತ ಕೆಳಗೆ ಬರೀರಿ, ಅರ್ಧ ಮಾರ್ಕ್ಸ್ ಕೊಡ್ತೀನಿ ಅಂತ."

"ಅರ್ಧ ಮಾರ್ಕ್ಸಿಗೆ ಪಾಸಾಗುತ್ತಾ ಮೇಡಂ?"

"ಬರೀರಿ, ನೋಡೋಣ."

ಬರೆದೆ. ಪ್ರಬಂಧದ ಶೀರ್ಷಿಕೆ ಬದಲಾಯಿಸಿ, ತಾಪ ಅಳೆಯುವಾಗ ಊರಿನ ಜನ ಹೇಗೆ ಅಡ್ಡ ಬರುತ್ತಾರೆ ಎಂಬುದನ್ನೇ ವಿಷಯ ಮಾಡಿದೆವು. ಪೆಟ್ಟಿಗೆ ಯಾವಾಗ ಎಲ್ಲಿತ್ತು, ಯಾಕೆ ಅಲ್ಲಿತ್ತು, ಯಾರು ಇಟ್ಟರು, ಒಂದನ್ನೂ ಮುಚ್ಚಿಡಲಿಲ್ಲ.

ಮೌಖಿಕ ಪರೀಕ್ಷೆಗೆ ಹೊರಗಿನಿಂದ ಒಬ್ಬ ಹಿರಿಯ ಪ್ರಾಧ್ಯಾಪಕರು ಬಂದಿದ್ದರು. ನಗುವ ಅಭ್ಯಾಸ ಇಲ್ಲದ ಮುಖ. ನನ್ನ ಪ್ರಬಂಧವನ್ನು ಒಂದೊಂದೇ ಪುಟವಾಗಿ ತಿರುವಿದರು. ಮೇಡಂ ನನ್ನ ಪಕ್ಕದಲ್ಲಿ ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತ ಕೂತಿದ್ದರು. ಪಿಯುಸಿಯಲ್ಲಿ ಈ ಶಿಷ್ಯೆ ಪಾಸಾಗಲಿ ಎಂದು ನಾನು ಎಂದೂ ಅಷ್ಟು ಆತಂಕ ಪಟ್ಟಿರಲಿಲ್ಲ.

"ಹವಾಮಾನ ಬದಲಾವಣೆಗೆ ಮನುಷ್ಯರೇ ಕಾರಣ ಅಂತ ನನ್ನ ಹತ್ತಿರ ಬರೋ ಎಲ್ಲಾ ಪ್ರಬಂಧದಲ್ಲೂ ಇರುತ್ತೆ" ಎಂದರು ಕೊನೆಗೆ. "ಯಾವ ಮನುಷ್ಯರು ಅಂತ ಕೇಳಿದ್ರೆ ಯಾರೂ ಬಾಯಿ ಬಿಡಲ್ಲ. ನೀವು ಹೇಳ್ತೀರಾ? ಕೈಲಾಂಚದ ತಾಪಮಾನ ಇಷ್ಟು ಏರಿದ್ದಕ್ಕೆ ಕಾರಣ ಯಾರು?"

"ನಮ್ಮ ಅತ್ತೆ ಸಾರ್."

"ಅದಕ್ಕೆ ಮೊದಲು ಏಪ್ರಿಲ್‌ನಲ್ಲಿ ಅಷ್ಟು ಇಳಿದಿತ್ತಲ್ಲ, ಅದಕ್ಕೆ?"

"ಅದಕ್ಕೂ ಅವರೇ ಸಾರ್."

ಪ್ರಾಧ್ಯಾಪಕರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಏರಿಸಿದವರೇ ಇಳಿಸಬಲ್ಲರು ಅಂತ ಸಾಕ್ಷಿ ಸಮೇತ ತೋರಿಸಿರೋದು ನೀವೊಬ್ಬರೇ. ದೊಡ್ಡ ದೊಡ್ಡ ದೇಶಗಳೆಲ್ಲ ಸಭೆ ಸೇರಿ ಇದನ್ನೇ ಹುಡುಕ್ತಾ ಇದ್ದಾವೆ." ಆಮೇಲೆ ಅವರು ನಕ್ಕರು. ಅಭ್ಯಾಸವಿಲ್ಲದ್ದರಿಂದ ಅದು ಮೊದಲು ಕೆಮ್ಮಿನಂತೆ ಬಂತು. ನೀರು ಕುಡಿದು ಸಹಿ ಹಾಕಿದರು. ಪಾಸಾದೆ.

ಹೊರಗೆ ಬಂದ ಕೂಡಲೇ ಕೈಲಾಂಚಕ್ಕೆ ಫೋನ್ ಮಾಡಿದೆ.

"ಅತ್ತೆ, ಪಾಸಾಯ್ತು."

"ಆಗ್ದೆ ಇರ್ತದಾ?" ಎಂದರು ಅತ್ತೆ. "ಯಾವ್ದು ನೋಡಿ ಪಾಸ್ ಮಾಡುದ್ರು, ತಣ್ಣಗಿದ್ದುದ್ನೋ, ಕಾದಿದ್ದುದ್ನೋ?"

"ಎರಡನ್ನೂ ನೋಡಿದರು ಅತ್ತೆ."

ಆ ಕಡೆ ಮಾವನಿಗೆ ವಿಷಯ ಮುಟ್ಟಿಸುವ ಸದ್ದು ಕೇಳಿಸಿತು. ಎಮ್ಮೆಗೂ ಹೇಳಿದಂತಿತ್ತು. ಆಮೇಲೆ ಮತ್ತೆ ಫೋನಿಗೆ ಬಂದರು. ದನಿಯಲ್ಲಿ ಸ್ವಲ್ಪ ಆಯಾಸವಿತ್ತು, ಸ್ವಲ್ಪ ಆಕ್ಷೇಪಣೆಯೂ ಇತ್ತು.

"ಮುಂದ್ಲ ಸಲ ಹಿಂಗ್ ಮಾಡ್ಬ್ಯಾಡಿ ಅಳಿಯಂದ್ರೇ. ಎಷ್ಟು ಬೇಕು ಅಂತ ಮೊದ್ಲೇ ಏಳ್ಬುಡಿ."